ಸೂಪರ್‌ಹೀರೋ ಸಿನಿಮಾದ ಅಸ್ಮಿತೆ ರಾಜಕಾರಣ: ಕಾಲೇಜಿನಲ್ಲಿ ಎರಡು ತಾಸಿನ ಚರ್ಚೆ ಹೇಗೆ ನಡೆಸೋದು?

ಗಾಜಿನಮನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಡಿಗ್ರಿ ಕಾಲೇಜಿನ ಸಿನಿಮಾ ಬಳಗಕ್ಕೆ ಒಂದು ಶನಿವಾರ ಎರಡು ತಾಸು ಕೊಟ್ಟಿದ್ದಾರೆ. ಸುಮಾರು 40 ಹುಡುಗ ಹುಡುಗಿಯರು ಬರ್ತಾರೆ. ಸೂಪರ್‌ಹೀರೋ ಸಿನಿಮಾಗಳು ಜನಾಂಗ, ಲಿಂಗ, ಧರ್ಮ, ದೇಶದ ಬಗ್ಗೆ ಏನು ಹೇಳ್ತವೆ, ಹೇಗೆ ಹೇಳ್ತವೆ ಅನ್ನೋದು ವಿಷಯ.

ತೊಂದರೆ ಏನಂದ್ರೆ ಮಾತು ಶುರುವಾಗೋ ಮೊದಲೇ ಎರಡು ಪಾಳಯ ಆಗಿದೆ. ಒಂದು ಕಡೆಯವರದು "ಮಾರ್ವೆಲ್ ಪೂರ್ತಿ ವೋಕ್ ಆಗಿ ಕೆಟ್ಟುಹೋಯ್ತು" ಅನ್ನೋ ವಾದ (ಮಾರ್ವೆಲ್ ಅಂದ್ರೆ ಅವೆಂಜರ್ಸ್ ಥರದ ಸಿನಿಮಾ ಮಾಡೋ ಸ್ಟುಡಿಯೋ, ಸಮಾನತೆಯ ಸಂದೇಶ ತುರುಕ್ತಾರೆ ಅಂತ ಬೈಯೋಕೆ ವೋಕ್ ಅಂತಾರೆ). ಇನ್ನೊಂದು ಕಡೆಯವರು ಕಪ್ಪು ನಾಯಕನೋ ಮಹಿಳಾ ನಾಯಕಿಯೋ ಬಂದರೆ ಸಾಕು, ಸಿನಿಮಾ ಪ್ರಗತಿಪರ ಅಂತ ಕೂತಿದ್ದಾರೆ. ಯೂಟ್ಯೂಬ್ ಕಾಮೆಂಟಿನ ಜಗಳವನ್ನೇ ಕ್ಲಾಸಿನಲ್ಲಿ ಮತ್ತೊಮ್ಮೆ ಆಡಿಸೋಕೆ ಇಷ್ಟ ಇಲ್ಲ.

ಕೇಳಬೇಕಾಗಿದ್ದು: ಯಾವ ದೃಶ್ಯಗಳನ್ನು ತೋರಿಸಬೇಕು, ಯಾವ ಕ್ರಮದಲ್ಲಿ? ಹುಡುಗರ ಕೈಗೆ ಏನು ಕೆಲಸ ಕೊಡಬೇಕು? ಮಾತು ಜಾತಿ, ಧರ್ಮದ ಕಡೆ ತಿರುಗಿದರೆ ಹಿಡಿಯೋದು ಹೇಗೆ? ಕ್ಲಿಪ್ ತೋರಿಸೋಕೆ ಅನುಮತಿ ಬೇಕಾ? ಮುಂದಿನ ತಿಂಗಳು ಇದೇ ಹುಡುಗರ ಹತ್ರ ಒನಕೆ ಓಬವ್ವನ ಮೇಲೆ ಒಂದು ಚಿಕ್ಕ ಕಾಮಿಕ್ಸ್ ಮಾಡಿಸೋ ಆಸೆ ಇದೆ. ಆ ಬಗ್ಗೆ ಗೊತ್ತಿದ್ದವರು ಅದನ್ನೂ ಹೇಳಿ.

---

ಏಳುಸುತ್ತು (ಚಿತ್ರದುರ್ಗ)

"ಇದು ವೋಕ್ ಹೌದೋ ಅಲ್ಲವೋ" ಅನ್ನೋ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಲೇಬೇಡಿ. ಅದಕ್ಕೆ ಉತ್ತರ ಹೇಳೋಕೆ ಸಿನಿಮಾ ನೋಡಿರಬೇಕಾಗಿಲ್ಲ, ಹಾಗಾಗಿಯೇ ಎಲ್ಲರೂ ಉತ್ತರ ಇಟ್ಟುಕೊಂಡೇ ಬರ್ತಾರೆ. ಸಿನಿಮಾ ನೋಡದೆ ಉತ್ತರಿಸೋಕೆ ಆಗದ ಪ್ರಶ್ನೆ ಕೊಡಿ: ಈ ದೃಶ್ಯವನ್ನು ಕತ್ತರಿಸಿ ತೆಗೆದರೆ ಕಥೆ ನಿಲ್ಲುತ್ತಾ, ಬೀಳುತ್ತಾ? ಕತ್ತರಿ ಪರೀಕ್ಷೆ ಅನ್ನೋಣ.

ಯಾಕಂದ್ರೆ ಇಂಥ ಸಿನಿಮಾ ಒಂದೇ ಊರಿಗೆ ಮಾಡಿದ್ದಲ್ಲ. ಅಮೆರಿಕ, ಚೀನಾ, ಕೊಲ್ಲಿ ದೇಶ, ಭಾರತ ಎಲ್ಲ ಕಡೆ ಬಿಡುಗಡೆ ಆಗಬೇಕು. ಒಂದು ಕಡೆ ಚಪ್ಪಾಳೆ ಬೀಳೋ ಮಾತಿಗೆ ಇನ್ನೊಂದು ಕಡೆ ಸೆನ್ಸಾರ್ ಬೀಳುತ್ತೆ. ಅದಕ್ಕೆ ಸ್ಟುಡಿಯೋಗಳು ಕಂಡುಕೊಂಡ ದಾರಿ ಸುಲಭದ್ದು: ಸಂದೇಶ ಇರಲಿ, ಆದರೆ ಬೇಕಾದಾಗ ತೆಗೆಯೋಕೆ ಬರೋ ಹಾಗಿರಲಿ. 2019ರ ಅವೆಂಜರ್ಸ್ ಎಂಡ್‌ಗೇಮ್ ತಗೊಳ್ಳಿ. ಅದರಲ್ಲಿ ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಜೊತೆ ಊಟಕ್ಕೆ ಹೋಗಿದ್ದನ್ನು ಹೇಳಿಕೊಳ್ಳೋ ಚಿಕ್ಕ ದೃಶ್ಯ ಇದೆ. ಆ ಪಾತ್ರ ಮಾಡಿದ್ದು ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಜೋ ರೂಸೊ. ಬಿಡುಗಡೆಯ ಹೊತ್ತಿಗೆ ಇದರ ಬಗ್ಗೆ ಬೇಕಾದಷ್ಟು ಸುದ್ದಿ ಆಯ್ತು. ಆದರೆ ಆ ದೃಶ್ಯ ತೆಗೆದರೂ 181 ನಿಮಿಷದ ಕಥೆಗೆ ಒಂದು ಗೀರೂ ಬೀಳಲ್ಲ. ಕೊನೆಯ ಯುದ್ಧದಲ್ಲಿ ಮಹಿಳಾ ಪಾತ್ರಗಳೆಲ್ಲ ಒಂದೇ ಚೌಕಟ್ಟಿನಲ್ಲಿ ಬಂದು ನಿಲ್ಲೋ ಶಾಟ್ ಕೂಡ ಅಂಥದ್ದೇ. ನೋಡೋಕೆ ಚೆಂದ, ಅಲ್ಲಿ ಯಾರೂ ಯಾವ ತೀರ್ಮಾನವನ್ನೂ ತಗೊಳ್ಳಲ್ಲ.

ಇದರ ಪಕ್ಕ 2021ರ ಎಟರ್ನಲ್ಸ್ ಇಡಿ. ಅದರಲ್ಲಿ ಫಾಸ್ಟೋಸ್ ಅನ್ನೋ ಪಾತ್ರಕ್ಕೆ ಗಂಡ ಮತ್ತು ಮಗ ಇದ್ದಾರೆ. ಹಿರೋಷಿಮಾ ನೋಡಿ ಮನುಷ್ಯರ ಮೇಲೆ ನಂಬಿಕೆ ಕಳಕೊಂಡವನಿಗೆ ಆ ನಂಬಿಕೆ ವಾಪಸ್ ಬರೋದು ಈ ಸಂಸಾರದಿಂದ. ಮುಂದೆ ಅವನು ಹೋರಾಟಕ್ಕೆ ಬರೋದಕ್ಕೂ ಅದೇ ಕಾರಣ. ತೆಗೆದರೆ ಪಾತ್ರವೇ ಕುಸಿಯುತ್ತೆ. ಆ ಸಿನಿಮಾ ಸೌದಿ, ಕತಾರ್, ಕುವೈತ್‌ಗಳಲ್ಲಿ ಬಿಡುಗಡೆ ಆಗಲೇ ಇಲ್ಲ. ಸಿನಿಮಾವಾಗಿ ಎಟರ್ನಲ್ಸ್ ನನಗೆ ಹಿಡಿಸಲಿಲ್ಲ, ಉದ್ದ ಜಾಸ್ತಿ, ಮಾತು ಜಾಸ್ತಿ. ಆದರೆ ಈ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ನಮ್ಮ ದೇಶದಲ್ಲೇ ಬಿದ್ದ ಕತ್ತರಿ ಬೇಕು ಅಂದ್ರೆ 2018ರ ಬ್ಲ್ಯಾಕ್ ಪ್ಯಾಂಥರ್ ನೋಡಿ. ಜಬಾರಿ ಬುಡಕಟ್ಟಿನ ಎಂಬಾಕು ಸವಾಲು ಹಾಕುವಾಗ ಹನುಮಾನ್‌ಗೆ ಜಯಕಾರ ಹೇಳ್ತಾನೆ. ಭಾರತದಲ್ಲಿ ಆ ಹೆಸರಿಗೆ ಮ್ಯೂಟ್ ಬಿತ್ತು. ತುಟಿ ಆಡುತ್ತೆ, ಶಬ್ದ ಬರಲ್ಲ, ಕಥೆ ಮುಂದೆ ಹೋಗುತ್ತೆ. ಜೊತೆಗೆ 2024ರ ತೆಲುಗಿನ ಹನುಮಾನ್ ಇಟ್ಟು ಕೇಳಿ. ಅಲ್ಲಿ ನಾಯಕನ ಶಕ್ತಿಯೇ ಹನುಮಂತನ ರಕ್ತದ ಹನಿಯಿಂದಾದ ಮಣಿಯಿಂದ ಬರುತ್ತೆ. ಒಂದೇ ದೇವರ ಹೆಸರು ಒಂದರಲ್ಲಿ ಅಲಂಕಾರ, ಇನ್ನೊಂದರಲ್ಲಿ ಕಂಬ. ಹುಡುಗರಿಗೆ ಇಲ್ಲಿಗೆ ಪರೀಕ್ಷೆ ಅರ್ಥ ಆಗುತ್ತೆ. ಧರ್ಮ ಸರಿಯೋ ತಪ್ಪೋ ಅನ್ನೋ ಮಾತೂ ಬರಲ್ಲ, ಏಕೆಂದರೆ ನೀವು ಕೇಳ್ತಿರೋದು ಕಥೆಯ ಕಟ್ಟಡದ ಬಗ್ಗೆ.

ಎರಡು ತಾಸಿನ ಲೆಕ್ಕ ಹೀಗೆ ಹಾಕಿಕೊಳ್ಳಿ. ಮೊದಲ 10 ನಿಮಿಷ ಪರೀಕ್ಷೆ ವಿವರಿಸೋದು. ಕ್ಲಿಪ್‌ಗಳು ಒಟ್ಟು 18 ನಿಮಿಷ ದಾಟಬಾರದು, ಒಂದೊಂದು 4ರಿಂದ 6 ನಿಮಿಷ, ಮೂರೇ ಸಾಕು. ಪ್ರತಿ ಕ್ಲಿಪ್ ಆದಮೇಲೆ 4 ನಿಮಿಷ ಎಲ್ಲರೂ ಸುಮ್ಮನೆ ಬರೆಯಬೇಕು, ಮಾತಿಲ್ಲ. ಆಮೇಲೆ ಐದೈದು ಜನರ ಎಂಟು ಗುಂಪಿನಲ್ಲಿ 10 ನಿಮಿಷ. ಅಲ್ಲಿಗೆ 70 ನಿಮಿಷ ಆಯ್ತು. ಉಳಿದದ್ದು ಒಟ್ಟು ಚರ್ಚೆಗೆ, ಲೈಟು ಆರಿಸೋದು ಹಚ್ಚೋದಕ್ಕೆ. ಬರೆಯೋ 4 ನಿಮಿಷವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬಿಟ್ಟರೆ ಮೊದಲು ಬಾಯಿ ತೆರೆದ ಇಬ್ಬರ ಅಭಿಪ್ರಾಯವೇ ನಲವತ್ತು ಜನರ ಅಭಿಪ್ರಾಯ ಆಗಿಬಿಡುತ್ತೆ. ಅವರು ಸಾಮಾನ್ಯವಾಗಿ ಮಾರ್ವೆಲ್ ಭಕ್ತರೇ ಆಗಿರ್ತಾರೆ, ಇಸವಿ ಸಮೇತ ಬಾಯಿಪಾಠ.

ಹಾಳೆಯಲ್ಲಿ ನಾಲ್ಕು ಕಾಲಂ ಇರಲಿ: ತೀರ್ಮಾನ ಯಾರದು, ಅದರ ಬೆಲೆ ತೆತ್ತವರು ಯಾರು, ಕೊನೆಗೆ ಕ್ಷಮೆ ಸಿಕ್ಕಿದ್ದು ಯಾರಿಗೆ, ಕತ್ತರಿ ಹಾಕಿದರೆ ಏನಾಗುತ್ತೆ. "ನಿಮ್ಮ ಅಭಿಪ್ರಾಯ" ಅನ್ನೋ ಕಾಲಂ ಬೇಡ. ಅದು ಕೇಳದಿದ್ದರೂ ಬರುತ್ತೆ.

ಕ್ರಮದ ಬಗ್ಗೆ ಒಂದು ಮಾತು. ಎಂಡ್‌ಗೇಮ್‌ನ ಮಹಿಳೆಯರ ಶಾಟ್ ಇರೋ ಯುದ್ಧಭಾಗ ಮೊದಲು, ಬ್ಲ್ಯಾಕ್ ಪ್ಯಾಂಥರ್ ಮ್ಯೂಸಿಯಂ ದೃಶ್ಯ ಎರಡನೆಯದು, ಮಲಯಾಳಂನ ಸೂಪರ್‌ಹೀರೋ ಸಿನಿಮಾ ಮಿನ್ನಲ್ ಮುರಳಿ ಕೊನೆಗೆ. ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಬೇಕು. ಮಿನ್ನಲ್ ಮುರಳಿ ಮೊದಲೇ ಹಾಕಿದರೆ ಹುಡುಗರು ಭಾವುಕರಾಗಿ ಕೂತುಬಿಡ್ತಾರೆ, ಹಾಳೆ ಖಾಲಿ ಬರುತ್ತೆ.

---

ಚಂದ್ರವಳ್ಳಿ (ಚಿತ್ರದುರ್ಗ)

ಏಳುಸುತ್ತು ಸರ್ ಹೇಳಿದ ಪರೀಕ್ಷೆ ಶುರು ಮಾಡೋಕೆ ಚೆನ್ನಾಗಿದೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಹುಡುಗರು "ಕತ್ತರಿಸೋಕೆ ಆಗದೇ ಇದ್ದದ್ದೆಲ್ಲ ಪ್ರಾಮಾಣಿಕ" ಅಂತ ಬರಕೊಂಡು ಹೋಗ್ತಾರೆ. ಅದು ತಪ್ಪು. ಒಂದು ಸಮುದಾಯದ ಬಗ್ಗೆ ಹೀನಾಯವಾದ ಕಲ್ಪನೆಯೂ ಕಥೆಯ ಕಂಬವೇ ಆಗಿರಬಹುದು. ಹಳೇ ಐರನ್ ಮ್ಯಾನ್ ಕಾಮಿಕ್ಸ್‌ನ ಖಳ ಮ್ಯಾಂಡರಿನ್ ನೋಡಿ, ಏಷ್ಯಾದವನು ಅಂದರೆ ಕುತಂತ್ರಿ ಅನ್ನೋ ಅಚ್ಚಿನಲ್ಲೇ ಎರಕ ಹೊಯ್ದ ಪಾತ್ರ, ತೆಗೆದರೆ ಕಥೆಯೇ ಇಲ್ಲ. 2013ರ ಐರನ್ ಮ್ಯಾನ್ 3 ಅದನ್ನು ಬಾಡಿಗೆ ನಟನ ವೇಷ ಅಂತ ತಿರುಗಿಸಿ ಕೈ ತೊಳಕೊಂಡಿತು. ಅದೇ ಸಿನಿಮಾಕ್ಕೆ ಚೀನಾದಲ್ಲಿ ಮಾತ್ರ ತೋರಿಸೋಕೆ ಅಲ್ಲಿನ ನಟರ ದೃಶ್ಯಗಳನ್ನು ಬೇರೆಯಾಗಿ ಸೇರಿಸಿದ್ರು. ಸೇರಿಸಿದ್ದು ಕೂಡ ಕತ್ತರಿಯ ಕೆಲಸವೇ, ಉಲ್ಟಾ ಕತ್ತರಿ.

ಇನ್ನು ಕೆಲವು ಬದಲಾವಣೆ ನಮ್ಮ ಕಣ್ಣಿಗೆ ಬೀಳೋ ಮೊದಲೇ ಆಗಿರುತ್ತೆ. ಡಾಕ್ಟರ್ ಸ್ಟ್ರೇಂಜ್ ಕಾಮಿಕ್ಸ್‌ನಲ್ಲಿ ಗುರು ಟಿಬೆಟ್‌ನ ಮುದುಕ. 2016ರ ಸಿನಿಮಾದಲ್ಲಿ ಸೆಲ್ಟಿಕ್ ಮೂಲದ ಹೆಂಗಸು, ಟಿಲ್ಡಾ ಸ್ವಿಂಟನ್. ಪೂರ್ವದೇಶದ ಮಾಂತ್ರಿಕ ಗುರು ಅನ್ನೋ ಸವಕಲು ಅಚ್ಚು ಬೇಡ ಅನ್ನೋದು ಒಂದು ವಿವರಣೆ. ಟಿಬೆಟ್ ಅಂದರೆ ಚೀನಾದ ಮಾರುಕಟ್ಟೆಗೆ ಕಷ್ಟ ಅಂತ ಬರಹಗಾರರಲ್ಲಿ ಒಬ್ಬರೇ ಹೇಳಿದ್ದೂ ಇದೆ. ಎರಡೂ ಒಟ್ಟಿಗೆ ನಿಜ ಆಗಿರಬಹುದು. ಹುಡುಗರಿಗೆ ಇದನ್ನು ಹೇಳಲೇಬೇಕು, ಇಲ್ಲದಿದ್ರೆ ಪರದೆ ಮೇಲೆ ಕಂಡದ್ದಷ್ಟೇ ಸಂದೇಶ ಅಂದುಕೊಳ್ತಾರೆ. ಸೈನ್ಯದ್ದೂ ಹಾಗೇ. ಕ್ಯಾಪ್ಟನ್ ಮಾರ್ವೆಲ್‌ಗೆ ಅಮೆರಿಕದ ವಾಯುಪಡೆ ಸಹಕಾರ ಕೊಟ್ಟಿತು. 2012ರ ಅವೆಂಜರ್ಸ್‌ನಿಂದ ರಕ್ಷಣಾ ಇಲಾಖೆ ಹಿಂದೆ ಸರಿಯಿತು, ಕಾರಣ ಶೀಲ್ಡ್ ಅನ್ನೋ ಕಾಲ್ಪನಿಕ ಸಂಸ್ಥೆಯ ಮುಂದೆ ತಮ್ಮ ಸೈನ್ಯದ ಸ್ಥಾನ ಎಲ್ಲಿ, ಯಾರು ಯಾರಿಗೆ ಆಜ್ಞೆ ಕೊಡೋದು ಅನ್ನೋದು ತಿಳಿಯಾಗಲಿಲ್ಲ. ಯುದ್ಧವಿಮಾನ ಪುಕ್ಕಟೆ ಬರಲ್ಲ. ಅದರ ಜೊತೆ ಸೈನ್ಯದ ಬಗ್ಗೆ ಒಂದು ನಿಲುವೂ ಬರುತ್ತೆ.

ಹಾಗಾಗಿ ನನ್ನ ಸಲಹೆ, ಕತ್ತರಿಯ ಜೊತೆಗೆ ಖಳನ ವಾದವನ್ನೂ ಅಳೆಯಿಸಿ. ಸೂಪರ್‌ಹೀರೋ ಸಿನಿಮಾದಲ್ಲಿ ನಾಯಕ ಸಾಮಾನ್ಯವಾಗಿ ಇದ್ದದ್ದನ್ನು ಉಳಿಸುವವನು. ಸಮಾಜ ಬದಲಾಗಬೇಕು ಅನ್ನೋ ಮಾತು ಬರೋದು ಖಳನ ಬಾಯಲ್ಲಿ. ಸಿನಿಮಾ ಆ ಮಾತನ್ನು ಏನು ಮಾಡುತ್ತೆ ಅನ್ನೋದರಲ್ಲಿ ನಿಜವಾದ ರಾಜಕಾರಣ ಇದೆ.

ಬ್ಲ್ಯಾಕ್ ಪ್ಯಾಂಥರ್‌ನ ಕಿಲ್‌ಮಾಂಗರ್ ಇದಕ್ಕೆ ಪಠ್ಯಪುಸ್ತಕ ಇದ್ದ ಹಾಗೆ. ಲಂಡನ್ನಿನ ಮ್ಯೂಸಿಯಂನಲ್ಲಿ ನಿಂತು, ಇವುಗಳನ್ನು ನಿಮ್ಮ ಹಿರಿಯರು ದುಡ್ಡು ಕೊಟ್ಟು ತಂದರಾ ಅಂತ ಕ್ಯುರೇಟರ್‌ಗೆ ಕೇಳ್ತಾನೆ. ಮ್ಯೂಸಿಯಂ ಕಾಲ್ಪನಿಕ, ಪ್ರಶ್ನೆ ಕಾಲ್ಪನಿಕ ಅಲ್ಲ. 1897ರಲ್ಲಿ ಬ್ರಿಟಿಷ್ ಸೈನ್ಯ ಈಗಿನ ನೈಜೀರಿಯಾದ ಬೆನಿನ್ ನಗರದಿಂದ ದೋಚಿದ ಕಂಚಿನ ಶಿಲ್ಪಗಳಲ್ಲಿ ನೂರಾರು ಇವತ್ತಿಗೂ ಲಂಡನ್ನಿನಲ್ಲಿವೆ. ಜಗತ್ತಿನಲ್ಲೆಲ್ಲ ಕಪ್ಪು ಜನ ನರಳುವಾಗ ಆಫ್ರಿಕಾದ ಕಾಲ್ಪನಿಕ ಶ್ರೀಮಂತ ದೇಶ ವಕಾಂಡ ಬಾಗಿಲು ಹಾಕಿಕೊಂಡು ಯಾಕೆ ಕೂತಿತ್ತು ಅನ್ನೋದು ಅವನ ಎರಡನೇ ಪ್ರಶ್ನೆ. ಎರಡಕ್ಕೂ ಸಿನಿಮಾದಲ್ಲಿ ಯಾರೂ ಉತ್ತರ ಕೊಡಲ್ಲ. ಬದಲಿಗೆ ಅವನ ಕೈಯಿಂದ ಪ್ರೇಯಸಿಗೆ ಗುಂಡು ಹಾರಿಸುತ್ತೆ, ಗಿಡಮೂಲಿಕೆ ತೋಟದ ಮುದುಕಿಯ ಕತ್ತು ಹಿಸುಕಿಸುತ್ತೆ. ಪ್ರೇಕ್ಷಕ ಅವನ ವಾದದಿಂದ ದೂರ ಸರಿಯೋದು ವಾದ ಸೋತಿದ್ದಕ್ಕಲ್ಲ, ಅವನು ಕ್ರೂರಿಯಾಗಿದ್ದಕ್ಕೆ. ಇದು ಈ ಪ್ರಕಾರದ ಹಳೇ ಉಪಾಯ. ಹುಡುಗರಿಗೆ ಒಮ್ಮೆ ತೋರಿಸಿಕೊಟ್ಟರೆ ಆಮೇಲೆ ಹತ್ತು ಸಿನಿಮಾದಲ್ಲಿ ಅವರೇ ಹಿಡೀತಾರೆ.

ಆದರೆ ಅಲ್ಲಿಗೂ ನಿಲ್ಲಿಸಬೇಡಿ, ಈ ಸಿನಿಮಾ ಅಷ್ಟಕ್ಕೇ ಕೈ ಬಿಟ್ಟಿಲ್ಲ. ನಾಯಕ, ವಕಾಂಡದ ರಾಜ ಟಿಚಾಲ ತನ್ನ ಪೂರ್ವಜರ ಎದುರು ನಿಂತು ನೀವು ಮಾಡಿದ್ದು ತಪ್ಪು ಅಂತಾನೆ. ಕೊನೆಗೆ ಅಮೆರಿಕದ ಓಕ್ಲಂಡ್‌ನಲ್ಲಿ ಕಟ್ಟಡ ಕೊಂಡು ಅಲ್ಲಿನ ಜನಕ್ಕಾಗಿ ಕೇಂದ್ರ ತೆರೀತಾನೆ. ಖಳನ ರೋಗನಿರ್ಣಯ ಒಪ್ಪಿಕೊಂಡು ಔಷಧ ಮಾತ್ರ ಬದಲಾಯಿಸಿದ ಹಾಗಾಯ್ತು. ಮತ್ತೆ ಇದೇ ಸಿನಿಮಾದಲ್ಲಿ ಆಯುಧ ಹೊತ್ತ ವಿಮಾನಗಳನ್ನು ಹೊಡೆದುರುಳಿಸೋನು ಯಾರು? ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಏಜೆಂಟ್, ಅವನೇ ಒಳ್ಳೆಯವನು. ಆಫ್ರಿಕಾದ ಇತಿಹಾಸದಲ್ಲಿ ಸಿಐಎ ಹೆಸರು ಹೇಗೆ ಬರುತ್ತೆ ಅಂತ ಗೊತ್ತಿದ್ದವರಿಗೆ ಅಲ್ಲಿ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತೆ. ಒಂದೇ ಸಿನಿಮಾ ಮೂರು ದಿಕ್ಕಿಗೆ ಎಳೆಯುತ್ತೆ. ಹಾಳೆಯಲ್ಲಿ ಮೂರನ್ನೂ ಬರೆಸಿ, ಒಂದೇ ತೀರ್ಪಿಗೆ ತರೋಕೆ ಹೋಗಬೇಡಿ.

ಮಿನ್ನಲ್ ಮುರಳಿ (2021) ಬಗ್ಗೆ ಪೂರ್ತಿ ಒಪ್ಪಿಗೆ. ಒಂದೇ ರಾತ್ರಿ ಇಬ್ಬರಿಗೆ ಸಿಡಿಲು ಹೊಡೆಯುತ್ತೆ. ಒಬ್ಬನನ್ನು ಊರು ತನ್ನವನು ಅನ್ನುತ್ತೆ, ಇನ್ನೊಬ್ಬ ಶಿಬುವನ್ನು ಹುಚ್ಚ ಅಂತ ದೂರ ಇಡುತ್ತೆ. ಶಕ್ತಿ ಇಬ್ಬರಿಗೂ ಒಂದೇ, ಮರ್ಯಾದೆ ಒಂದೇ ಅಲ್ಲ. ಅಸ್ಮಿತೆಯ ಹಣೆಪಟ್ಟಿ ಒಂದನ್ನೂ ಹಚ್ಚದೆ ಹೊರಗಿಡೋದು ಅಂದರೆ ಏನು ಅಂತ ತೋರಿಸಿದ ಸಿನಿಮಾ. ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡ ಆಡಿಯೋ ಇದೆ, ನಿಮ್ಮ ಹುಡುಗರಿಗೆ ಅನುಕೂಲ.

ಜಗಳದ ವಿಷಯಕ್ಕೆ ಬಂದರೆ, ಒಂದು ತಪ್ಪು ಬಹಳ ಕಡೆ ಆಗುತ್ತೆ. ಜಾತಿ ಮಾತು ಬಂದ ಕೂಡಲೇ ದಲಿತ ಹುಡುಗನ ಕಡೆ, ಧರ್ಮದ ಮಾತು ಬಂದಾಗ ಮುಸ್ಲಿಂ ಹುಡುಗಿಯ ಕಡೆ ತಿರುಗಿ "ನಿನಗೆ ಏನನ್ಸುತ್ತೆ" ಅಂತ ಕೇಳೋದು. ಇಡೀ ಸಮುದಾಯದ ವಕಾಲತ್ತು ಆ ಮಗುವಿನ ತಲೆಗೆ ಕಟ್ಟಿದ ಹಾಗೆ. ಯಾರನ್ನೂ ಹಾಗೆ ಕೇಳಬೇಡಿ. ಮಾತಾಡೋರು ಮೊದಲು ದೃಶ್ಯ ಹೆಸರಿಸಬೇಕು, ಆಮೇಲೆ ಅಭಿಪ್ರಾಯ. ದೃಶ್ಯ ಹೇಳೋಕೆ ಬರದ ವಾದವನ್ನು ಬೋರ್ಡಿನ ಪಕ್ಕ ಬರೆದಿಟ್ಟು ಮುಂದೆ ಹೋಗಿ.

---

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಯಾರಾದ್ರೂ ಒಬ್ಬ ಕಲೆಕ್ಷನ್ ಲೆಕ್ಕ ಎತ್ತೇ ಎತ್ತುತಾನ ರೀ, ಉತ್ತರ ರೆಡಿ ಇಟ್ಕೊಳ್ರಿ.

"ಸಂದೇಶ ತುರುಕಿದ್ರೆ ಸಿನಿಮಾ ಮಕಾಡೆ" ಅನ್ನೋರು 2023ರ ದಿ ಮಾರ್ವೆಲ್ಸ್ ತೋರಿಸ್ತಾರೆ, ಜಗತ್ತಿನಾದ್ಯಂತ ಸುಮಾರು 20 ಕೋಟಿ ಡಾಲರ್, ಮಾರ್ವೆಲ್ ಸರಣಿಯಲ್ಲೇ ಕಡಿಮೆ. ಸರಿ. ಅದೇ ನಾಯಕಿಯ 2019ರ ಕ್ಯಾಪ್ಟನ್ ಮಾರ್ವೆಲ್ 110 ಕೋಟಿ ಡಾಲರ್ ದಾಟಿತ್ತು. ಬ್ಲ್ಯಾಕ್ ಪ್ಯಾಂಥರ್ 130 ಕೋಟಿ ದಾಟಿ ಮೂರು ಆಸ್ಕರ್ ತಂತು. ಮತ್ತೆ 2023ರಲ್ಲೇ ಬಂದ ದಿ ಫ್ಲ್ಯಾಶ್, ಶಜಾಮ್ ಎರಡನೇ ಭಾಗ? ಅವುಗಳ ಮೇಲೆ ಈ ಆಪಾದನೆ ಅಷ್ಟಾಗಿ ಇರಲಿಲ್ಲ, ಅವೂ ಮಕಾಡೆ ಮಲಗಿದ್ವು. ಮಾರ್ವೆಲ್ಸ್ ಬಿಡುಗಡೆ ನವೆಂಬರ್ 10, ನಟರ ಮುಷ್ಕರ ಮುಗಿದದ್ದು ಅದರ ಹಿಂದಿನ ದಿನ. ಅಲ್ಲೀವರೆಗೂ ನಟಿಯರು ಪ್ರಚಾರಕ್ಕೆ ಬರೋ ಹಾಗೇ ಇರಲಿಲ್ಲ. ಜೊತೆಗೆ ಕಥೆ ಅರ್ಥ ಆಗಬೇಕಂದ್ರೆ ಎರಡು ಮೂರು ಓಟಿಟಿ ಸರಣಿ ಮೊದಲೇ ನೋಡಿರಬೇಕು. ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋನಿಗೆ ಹೋಂವರ್ಕ್ ಯಾಕ್ರೀ?

ಇನ್ನೊಂದು: ಕಲೆಕ್ಷನ್ ಅಂದ್ರೆ ಲಾಭ ಅಲ್ಲ. ಅರ್ಧದಷ್ಟು ಥಿಯೇಟರಿನವರ ಪಾಲು, ಚೀನಾದಲ್ಲಂತೂ ಸ್ಟುಡಿಯೋಗೆ ಬರೋದು ಕಾಲು ಭಾಗ. ಪ್ರಚಾರದ ಖರ್ಚು ಬಜೆಟ್ ಅಂಕಿಯಲ್ಲಿ ಸೇರಿರಲ್ಲ.

ಆನ್‌ಲೈನ್ ರೇಟಿಂಗೂ ನಂಬಬ್ಯಾಡ್ರಿ. ಕ್ಯಾಪ್ಟನ್ ಮಾರ್ವೆಲ್ ಬಿಡುಗಡೆಗೆ ಮೊದಲೇ, ಸಿನಿಮಾ ಯಾರೂ ನೋಡದೇ ಇರುವಾಗ, ರಾಟನ್ ಟೊಮೇಟೋಸ್‌ನಲ್ಲಿ ಬೈಗುಳ ಸುರಿದ್ರು. 2019ರ ಫೆಬ್ರುವರಿಯಲ್ಲಿ ಆ ಸೈಟಿನವರು ಬಿಡುಗಡೆಗೂ ಮುಂಚೆ ಕಾಮೆಂಟ್ ಹಾಕೋ ಸೌಲಭ್ಯವನ್ನೇ ತೆಗೆದುಹಾಕಿದ್ರು.

"ಮೊದಲು ಕಾಮಿಕ್ಸ್‌ನಲ್ಲಿ ರಾಜಕೀಯ ಇರಲಿಲ್ಲ" ಅಂತಾನೂ ಒಬ್ಬ ಅಂತಾನ. ಕ್ಯಾಪ್ಟನ್ ಅಮೆರಿಕದ ಮೊದಲ ಸಂಚಿಕೆಯ ಮುಖಪುಟದಲ್ಲಿ ಅವನು ಹಿಟ್ಲರ್ ದವಡೆಗೆ ಗುದ್ದುತಾನೆ. ಸಂಚಿಕೆಯ ಮೇಲಿನ ದಿನಾಂಕ ಮಾರ್ಚ್ 1941, ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಬರೆದೋರು ಜೋ ಸೈಮನ್, ಜಾಕ್ ಕಿರ್ಬಿ, ಇಬ್ರೂ ಯಹೂದಿ ಮನೆತನದೋರು. 1946ರಲ್ಲಿ ಸೂಪರ್‌ಮ್ಯಾನ್ ರೇಡಿಯೋ ಸರಣಿ ಕ್ಲೂ ಕ್ಲಕ್ಸ್ ಕ್ಲಾನ್ (ಅಮೆರಿಕದ ಬಿಳಿಯರ ಜನಾಂಗದ್ವೇಷಿ ಸಂಘಟನೆ) ಥರದ ಗುಂಪಿನ ವಿರುದ್ಧವೇ ಕಥೆ ಹೆಣೆದಿತ್ತು. ಇಷ್ಟು ಸಾಕು, ಇದರ ಮೇಲೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕಳೀಬ್ಯಾಡ್ರಿ.

---

ಕುಂದವಾಡ ಕೆರೆ (ದಾವಣಗೆರೆ)

ಅನುಮತಿ ಬಗ್ಗೆ ಚಿಕ್ಕದಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು. ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಹೊರಗಿನವರನ್ನು ಕರೆಯೋದು, ಟಿಕೆಟ್ ಇಡೋದು, ಫೇಸ್‌ಬುಕ್ ಲೈವ್ ಬಿಡೋದು ಮಾಡಿದರೆ ಆ ರಕ್ಷಣೆ ಹೋಗುತ್ತೆ. ಓಟಿಟಿ ಖಾತೆಯ ಷರತ್ತುಗಳು ಬೇರೆಯೇ ಇರ್ತವೆ, ಓದಿಕೊಳ್ಳಿ. ಡಿಸ್ಕ್ ಸಿಕ್ಕರೆ ಒಳ್ಳೇದು. ಕಾರ್ಯಕ್ರಮದ ನೋಟಿಸಿನಲ್ಲಿ ಯಾವ ವಿಭಾಗದ ಯಾವ ಪಾಠಕ್ಕೆ ಸಂಬಂಧಿಸಿದ್ದು ಅಂತ ಬರೆಸಿ ಪ್ರಾಂಶುಪಾಲರ ಸಹಿ ಹಾಕಿಸಿಡಿ.

ಇನ್ನೊಂದು, ಓಟಿಟಿಯಿಂದ ಲ್ಯಾಪ್‌ಟಾಪಿನ ಮೂಲಕ ಪ್ರೊಜೆಕ್ಟರಿಗೆ ಹಾಕಿದಾಗ ಎಷ್ಟೋ ಸಲ ಪರದೆ ಕಪ್ಪಾಗಿ ಧ್ವನಿ ಮಾತ್ರ ಬರುತ್ತೆ. ನಕಲು ತಡೆಯೋ ವ್ಯವಸ್ಥೆಗೆ ಹಳೇ ವಿಜಿಎ ಕೇಬಲ್ ಒಗ್ಗಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ ಹಿಂದಿನ ದಿನವೇ ಅದೇ ಕೋಣೆಯಲ್ಲಿ ಓಡಿಸಿ ನೋಡಿ. ಲ್ಯಾಪ್‌ಟಾಪಿನ ಸ್ಪೀಕರ್ 40 ಜನಕ್ಕೆ ಸಾಲಲ್ಲ. ಸಬ್‌ಟೈಟಲ್ ಹಾಕೇ ಹಾಕಿ, ಹಿಂದಿನ ಬೆಂಚಿಗೆ ಕಾಣೋ ಗಾತ್ರದಲ್ಲಿ.

---

ಗಾಜಿನಮನೆ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ಮಂಡಕ್ಕಿ ಅವರೇ, ಲೆಕ್ಕದ ಮಾತು ಹಾಗೇ ಬರೆದಿಟ್ಟುಕೊಂಡೆ. ಎರಡು ಅನುಮಾನ ಉಳಿದಿವೆ. 2025ರ ಮಲಯಾಳಂನ ಲೋಕಾ ಸಿನಿಮಾದ ಗಲಾಟೆಯನ್ನು ಹುಡುಗರು ಎತ್ತೋದು ಖಚಿತ, ಅದನ್ನು ಹೇಗೆ ತಗೊಳ್ಳಲಿ? ಇನ್ನೊಂದು, ಓಬವ್ವನ ಕಾಮಿಕ್ಸ್‌ಗೂ ಈ ಕತ್ತರಿ ಪರೀಕ್ಷೆ ಹಚ್ಚೋಕೆ ಬರುತ್ತಾ?

---

ಏಳುಸುತ್ತು (ಚಿತ್ರದುರ್ಗ)

ಲೋಕಾ ಒಳ್ಳೆ ಉದಾಹರಣೆ, ಹೆದರಬೇಡಿ. ಕೇರಳದ ಕಳ್ಳಿಯಂಕಾಟ್ಟು ನೀಲಿಯ ದಂತಕಥೆಯನ್ನು ತಂದು ಬೆಂಗಳೂರಿನಲ್ಲಿಟ್ಟ ಸಿನಿಮಾ. ನಾಯಕಿ ಯಕ್ಷಿ, ಅದೂ ಬುಡಕಟ್ಟಿನ ಮೂಲದವಳು ಅನ್ನೋದು ಕಥೆಯ ಕಂಬ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಪೊಲೀಸ್ ಪಾತ್ರ ಆಡಿದ ಒಂದು ಮಾತಿಗೆ ನಮ್ಮಲ್ಲಿ ಆಕ್ಷೇಪ ಬಂತು. ನಿರ್ಮಾಣ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ಕ್ಷಮೆ ಕೇಳಿ ಸಂಭಾಷಣೆ ತೆಗೆಯೋದಾಗಿ ಇಲ್ಲವೇ ತಿದ್ದೋದಾಗಿ ಹೇಳಿತು. ತೆಗೆದರೂ ಕಥೆಗೆ ಏನೂ ಆಗಲ್ಲ. ಅಂದರೆ ಆ ಮಾತು ಕಥೆಗೆ ಬೇಕಿರಲಿಲ್ಲ, ಹಾಗೇ ಬಂದುಬಿಟ್ಟಿತ್ತು. ಎರಡೂ ಕಡೆಯ ವಾದ ಕೇಳಿಸಿ: ಆ ಪಾತ್ರವೇ ಹೆಣ್ಣನ್ನು ದ್ವೇಷಿಸುವ ಕೆಟ್ಟವನು, ಹಾಗಾಗಿ ಮಾತೂ ಕೆಟ್ಟದ್ದು ಅನ್ನೋದು ಒಂದು. ಕೆಟ್ಟವನ ಬಾಯಲ್ಲಿ ಬಂದರೂ ಊರಿನ ಹೆಸರು ಹಿಡಿದು ಯಾಕೆ ಬರಬೇಕಿತ್ತು ಅನ್ನೋದು ಇನ್ನೊಂದು. ಬೇರೆಯವರ ಸಿನಿಮಾದಲ್ಲಿ ಯಾರಿಗೋ ನೋವಾದಾಗ "ಇಷ್ಟಕ್ಕೆಲ್ಲ ಯಾಕೆ ಗಲಾಟೆ" ಅಂದವರು ಇಲ್ಲಿ ಏನಂತಾರೆ ಅಂತ ಅವರೇ ಹಾಳೆ ಹಿಂದೆ ತಿರುಗಿಸಿ ನೋಡಿಕೊಳ್ಳಲಿ.

ಓಬವ್ವನ ವಿಷಯ ಇದಕ್ಕಿಂತ ಸೂಕ್ಷ್ಮ. ಕಥೆ ಎಲ್ಲರಿಗೂ ಗೊತ್ತು: ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಅವಳು ತಣ್ಣೀರು ದೋಣಿಗೆ ನೀರಿಗೆ ಹೋದಾಗ ಕಿಂಡಿಯಲ್ಲಿ ನುಸುಳೋ ಹೈದರಾಲಿಯ ಸೈನಿಕರನ್ನು ಕಾಣ್ತಾಳೆ, ಒನಕೆ ಹಿಡೀತಾಳೆ. 1779ರಲ್ಲಿ ಕೋಟೆ ಬೀಳೋ ಮೊದಲಿನ ಮುತ್ತಿಗೆಗಳ ಕಾಲದ್ದು. ಈಗ ಕತ್ತರಿ ಹಾಕಿ. ಅವಳು ಛಲವಾದಿ ಸಮುದಾಯದವಳು ಅನ್ನೋದನ್ನು ತೆಗೆದರೆ ಕಥೆ ನಿಲ್ಲುತ್ತಾ? ನಿಲ್ಲುತ್ತೆ. ಎಷ್ಟೋ ಹೇಳಿಕೆಗಳಲ್ಲಿ ತೆಗೆದೇ ಹೇಳ್ತಾರೆ, "ಕನ್ನಡ ನಾಡಿನ ವೀರವನಿತೆ" ಅಷ್ಟೇ ಉಳಿಯುತ್ತೆ. ಇಲ್ಲಿ ಪರೀಕ್ಷೆ ಓಬವ್ವನ ಬಗ್ಗೆ ಏನೂ ಹೇಳಲ್ಲ, ನಾವು ಕಥೆ ಕಟ್ಟಿದ ರೀತಿಯ ಬಗ್ಗೆ ಹೇಳುತ್ತೆ.

ಹಾಗಂತ ಮೊದಲ ಪುಟದಲ್ಲಿ ಜಾತಿಯ ಹೆಸರು ದೊಡ್ಡದಾಗಿ ಹಾಕಿದರೆ ಅದು ಎಂಡ್‌ಗೇಮ್ ಶಾಟ್ ಆಯ್ತು. ಅವಳ ಬದುಕು ಕಥೆಗೆ ಕಾರಣ ಆಗಬೇಕು. ಮನೆ ಯಾಕೆ ಬತೇರಿಯ ಪಕ್ಕ ಇತ್ತು, ಅರಮನೆ ಪಕ್ಕ ಯಾಕಲ್ಲ? ಕಹಳೆ ಊದುವ ಕಾವಲಿನವನು ಊಟಕ್ಕೆ ಹೋದರೆ ಆ ಜಾಗಕ್ಕೆ ಇನ್ನೊಬ್ಬ ಯಾಕಿರಲಿಲ್ಲ? ಕಿಂಡಿಯಲ್ಲಿ ಒಬ್ಬೊಬ್ಬರೇ ತಲೆ ತಗ್ಗಿಸಿ ಬರಬೇಕು ಅನ್ನೋದು ಅವಳಿಗೆ ಗೊತ್ತಿದ್ದದ್ದು ದಿನಾ ಅದೇ ದಾರೀಲಿ ನೀರು ಹೊತ್ತಿದ್ದರಿಂದ ಅಂತ ನಿಮ್ಮ ಹುಡುಗರು ಕಲ್ಪಿಸಬಹುದು. ಆಗ ಯಾವ ಹೆಸರು ಹೇಳದಿದ್ದರೂ ಕತ್ತರಿ ಹಾಕೋಕೆ ಬರಲ್ಲ.

ಶತ್ರುವನ್ನು ಬರೆಯುವಾಗ ಎಚ್ಚರ. ಹೈದರನ ಸೈನ್ಯದಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಎಲ್ಲ ಸೈನಿಕರಿಗೂ ಒಂದೇ ಗಡ್ಡ, ಒಂದೇ ಹಸಿರು ಬಟ್ಟೆ, ಕೆಂಪು ಕಣ್ಣು ಹಾಕಿದರೆ ನೀವು ಯುದ್ಧದ ಕಥೆ ಬಿಟ್ಟು ಬೇರೆ ಕಥೆ ಹೇಳ್ತಿದ್ದೀರಿ. ಮೂವರು ಸೈನಿಕರಿಗಾದರೂ ಬೇರೆ ಬೇರೆ ಮುಖ ಬರೆಸಿ, ಒಬ್ಬನಿಗೆ ಒಂದು ಮಾತು ಕೊಡಿ. ಹಾಗೇ ಮದಕರಿ ನಾಯಕನನ್ನು ಎಲ್ಲಿ ತರ್ತೀರಿ ನೋಡಿ. ಕೊನೆಯ ಪುಟದಲ್ಲಿ ಅವನು ಬಂದು ಹೊಗಳೋ ಹಾಗೆ ಮಾಡಿದರೆ ತೀರ್ಮಾನ ಓಬವ್ವನದು, ಪ್ರಮಾಣಪತ್ರ ರಾಜನದು ಅಂತಾಗುತ್ತೆ. ಅವಳ ಸಾವಿನ ಬಗ್ಗೆ ಹೇಳಿಕೆಗಳು ಬೇರೆ ಬೇರೆ ಇವೆ, ಆಘಾತದಿಂದ ಅಂತ ಕೆಲವರು, ಶತ್ರುವಿನ ಕೈಯಿಂದ ಅಂತ ಕೆಲವರು. ಗುಂಪುಗಳು ಒಂದೊಂದು ಆರಿಸಿಕೊಂಡು ಕಾರಣ ಬರೆಯಲಿ, ಬೆಲೆ ತೆತ್ತವರು ಯಾರು ಅನ್ನೋ ಕಾಲಂಗೆ ಅದೇ ಉತ್ತರ.

ನವೆಂಬರ್ 11 ಸರ್ಕಾರದ ಓಬವ್ವ ಜಯಂತಿ. ಅದಕ್ಕೆ ಹೊಂದಿಸಿಕೊಂಡರೆ ಪ್ರದರ್ಶನಕ್ಕೆ ಜಾಗ ಸಿಗೋದು ಸುಲಭ.

---

ಚಂದ್ರವಳ್ಳಿ (ಚಿತ್ರದುರ್ಗ)

ಕಾಮಿಕ್ಸ್‌ಗೆ ಎಂಟು ಪುಟ ಸಾಕು, ಪುಟಕ್ಕೆ ನಾಲ್ಕರಿಂದ ಆರು ಚೌಕಟ್ಟು. ಕಿಂಡಿಯ ದೃಶ್ಯಕ್ಕೆ ಮಾತ್ರ ಎತ್ತರದ, ಕಿರಿದಾದ ಚೌಕಟ್ಟು ಇಡಿಸಿ, ಆ ಇಕ್ಕಟ್ಟು ಓದುವವರಿಗೂ ತಟ್ಟಬೇಕು. ಒಂದು ಮಾತಿನ ಗುಳ್ಳೆಯಲ್ಲಿ 15 ಪದ ದಾಟಬಾರದು. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯೋದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು, ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಹಳೇ ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಬೇಕು. ಅದು ಬೇಡ ಅಂದ್ರೆ ಇಂಕ್‌ಸ್ಕೇಪ್ ಪುಕ್ಕಟೆ, ಯುನಿಕೋಡ್ ಅಕ್ಷರ ಅದರಲ್ಲಿ ಸರಿಯಾಗಿ ಕೂರುತ್ತೆ. ಚಿತ್ರ ಬರೆಯೋ ಮೊದಲು ಮಾತು ಪೂರ್ತಿ ಬರೆಸಿ, ಗುಳ್ಳೆಯ ಜಾಗ ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಉಲ್ಟಾ ಮಾಡಿದರೆ ಓಬವ್ವನ ಮುಖದ ಮೇಲೇ ಗುಳ್ಳೆ ಕೂರಿಸಬೇಕಾಗುತ್ತೆ.